ಹಿಂಬದಿ

ಎಲ್ಲವನ್ನೂ ತಾನೇ ಮಾಡಿಕೊಳ್ಳುವವಳಿಗೆ
ಏನು ಕೊಡುವುದು?
ತ್ಸಿಯಾಲಾಗೆ ಅರವತ್ತು ತುಂಬುವ ವಾರ,
ತಿಬಿಲಿಸಿಯ ಒಣಸೇತುವೆಯ ಸಂತೆಯಲ್ಲಿ
ಬೆಳಗಿನಿಂದ ಅಲೆಯುತ್ತಿದ್ದೇನೆ,
ಕೈ ಕೋಟಿನ ಜೇಬಿನಲ್ಲಿ, ಕಣ್ಣು ನೆಲದ ಮೇಲೆ.

ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟುವುದು ಅವಳ ಕಸುಬು.
ಸಂಜೆ ಕಸೂತಿ.
ರಾತ್ರಿ, ಹಗಲು ಕಟ್ಟಿದ್ದನ್ನೇ ಓದುವುದು,
ಗಿರಾಕಿ ಬರುವುದರೊಳಗೆ ಮುಗಿಸಿಬಿಡುವ ಹಟ.
ಉಣ್ಣಲು ಕೂತಾಗಲೂ ಬೆರಳಿಗೆ ಅಂಟಿನ ವಾಸನೆ.

ನನ್ನ ಹಳೆಯ ತಪ್ಪುಗಳು ನನಗೆ ಬಾಯಿಪಾಠ.
ಒಂದು ವರ್ಷ ಕತ್ತರಿ ಕೊಟ್ಟೆ, ಕೊಕ್ಕರೆಯ ಕೊಕ್ಕಿನದು.
ಹರಿತದ್ದನ್ನು ಪುಕ್ಕಟೆ ಪಡೆದರೆ ಸ್ನೇಹ ಕತ್ತರಿಸುತ್ತದಂತೆ:
ನನ್ನ ಅಂಗೈಗೆ ಒಂದು ಬಿಲ್ಲೆ ಒತ್ತಿ "ಕೊಂಡೆ" ಎಂದಳು.
ಉಡುಗೊರೆ ಹೋಗಿ ವ್ಯಾಪಾರವಾಯಿತು.
ಮತ್ತೊಂದು ವರ್ಷ ಒಂದು ಕಾದಂಬರಿ.
ಅದು ಅವಳಲ್ಲಿ ಆಗಲೇ ಎರಡಿತ್ತು.
ಆಮೇಲೆ ಆ ನೋಟ್‌ಬುಕ್ಕು,
ಚರ್ಮದ ರಟ್ಟು, ಕೈಯಲ್ಲಿ ಮಾಡಿದ ಹಾಳೆ, ರೇಷ್ಮೆಯ ದಾರ.
ಮೂರು ವರ್ಷವಾದರೂ ಒಂದಕ್ಷರ ಬಿದ್ದಿಲ್ಲ.
"ಇಷ್ಟು ಚೆಂದದ್ದರಲ್ಲಿ ಹಾಲಿನ ಲೆಕ್ಕ ಬರೆಯಲೇ?"

ಸಂತೆಯಲ್ಲಿ ಏನುಂಟು ಏನಿಲ್ಲ!
ಯಾರೋ ಗೆದ್ದ ಪದಕ, ಗೊಂಬೆಯ ಒಂಟಿ ತೋಳು,
ಮುಚ್ಚಳ ಕಳೆದುಕೊಂಡ ಟೀಪಾಟು,
"ಪುಸ್ತಕಪ್ರೇಮಿ" ಎಂದು ಮೈಮೇಲೆ ಬರೆಸಿಕೊಂಡ ಬಟ್ಟಲು.
ಮೀನಿಗೆ ಮೀನು ಎಂದು ಬರೆದು ಕೊಟ್ಟಂತೆ.
ಮುಂದೆ ನಡೆದೆ.

ಮಧ್ಯಾಹ್ನದ ಹೊತ್ತಿಗೆ,
ಜುಜುನಾ ಎಂಬ ಮುದುಕಿ ಹಾಸಿದ ಕಂಬಳಿಯ ಮೇಲೆ
ತಟ್ಟೆಗಳ ನಡುವೆ
ಮರದ ಬಳೆಯಲ್ಲಿ ಬಿಗಿದ ಒಂದು ಬಟ್ಟೆ.
ಅದರಲ್ಲೊಂದು ಜಿಂಕೆ. ಮೂರೇ ಕಾಲು.
ನಾಲ್ಕನೆಯದು ಇನ್ನೂ ಪೆನ್ಸಿಲ್ಲಿನ ಗೆರೆ.
ಸೂಜಿ ಚುಚ್ಚಿದಲ್ಲೇ ಇದೆ,
ಗೇಣುದ್ದ ನೀಲಿ ನೂಲು ಜೋತುಬಿದ್ದಿದೆ.

"ಯಾರದಿದು?"
"ಯಾರದೋ. ಮನೆ ಖಾಲಿ ಮಾಡುವಾಗ ಸಿಕ್ಕಿತು.
ಬಳೆಗೆ ಹತ್ತು ಲರಿ. ಬಟ್ಟೆ ಬೇಡವಾದರೆ ಬಿಚ್ಚಿ ಕೊಡುತ್ತೇನೆ."
ಬೇಡ, ಬೇಡ, ಹಾಗೇ ಇರಲಿ ಎಂದವಸರದಲ್ಲಿ
ಚೌಕಾಶಿ ಮಾಡುವುದನ್ನೂ ಮರೆತೆ.

ಮೆಟ್ರೋದಲ್ಲಿ, ತುಂಬಿದ ಸಾರಿನ ಬಟ್ಟಲಿನಂತೆ
ಅದನ್ನು ಹಿಡಿದು ನಿಂತಾಗ ಅಳುಕು:
ಇನ್ನೊಬ್ಬರು ಬಿಟ್ಟ ಕೆಲಸ.
ಇದು ಕೊಡುವುದೋ, ಹೊರಿಸುವುದೋ?

ಹುಟ್ಟುಹಬ್ಬದ ಮೇಜು. ಆಕ್ರೋಟಿನ ಬದನೆ, ಕೆಂಪು ವೈನು.
ಅವಳ ಅಣ್ಣನ ಮಗ ವಾಖ್ತಾಂಗ್ ನಕ್ಕ:
"ಮುಕ್ಕಾಲು ಜಿಂಕೆ!"
ತ್ಸಿಯಾಲಾ ಜಿಂಕೆಯನ್ನು ನೋಡಲೇ ಇಲ್ಲ.
ಕನ್ನಡಕ ಏರಿಸಿ, ಬಳೆಯನ್ನು ಮಗುಚಿದಳು.
(ಪುಸ್ತಕ ಕೊಟ್ಟರೂ ಅಷ್ಟೇ,
ಹೆಸರಿಗಿಂತ ಮೊದಲು ಹೊಲಿಗೆ ನೋಡುತ್ತಾಳೆ.)

"ಎಡಗೈಯವಳು" ಎಂದಳು.
ಸ್ವಲ್ಪ ಹೊತ್ತಿನ ಮೇಲೆ,
"ಎಲ್ಲೂ ಗಂಟಿಲ್ಲ. ತುದಿಗಳನ್ನೆಲ್ಲ ಒಳಗೇ ಅಡಗಿಸಿದ್ದಾಳೆ.
ಯಾರೋ ಗದರಿ ಕಲಿಸಿದ್ದಾರೆ.
ಇಲ್ಲಿ, ಕೊಂಬಿನ ಹತ್ತಿರ, ಬಿಚ್ಚಿ ಮತ್ತೆ ಹಾಕಿದ್ದಾಳೆ. ಎರಡು ಸಲ.
ಇಲ್ಲಿಂದ ಈಚೆಗೆ ನೀಲಿಯೇ ಬೇರೆ.
ಹಳೆಯ ನೀಲಿ ಅಂಗಡಿಯಲ್ಲಿ ಮುಗಿದಿತ್ತೋ ಏನೋ.
ಅಥವಾ ಬಹಳ ದಿನ ಬಿಟ್ಟು ಮತ್ತೆ ಕೂತಳೋ."
ಬೆರಳು ಸಾಲಿನಿಂದ ಸಾಲಿಗೆ ಸರಿಯಿತು.
ವಾಖ್ತಾಂಗ್ ಕೂಡ ಬಗ್ಗಿ ನೋಡಿದ.
ಯಾರೂ ಕೇಕು ಕತ್ತರಿಸಲಿಲ್ಲ.

ನನಗೆ ಥ್ಯಾಂಕ್ಸ್ ಹೇಳಿದಳೇ? ನೆನಪಿಲ್ಲ.

ಚಳಿ ಮುಗಿದ ಮೇಲೆ ಅವಳ ಅಂಗಡಿಗೆ ಹೋದೆ.
ಬಳೆ ಕಿಟಕಿಯ ಪಕ್ಕ ನೇತಾಡುತ್ತಿತ್ತು,
ಜಿಂಕೆಯ ಮುಖ ಗೋಡೆಗೆ, ಹಿಂಬದಿ ನಮಗೆ.
ಸೂಜಿಯ ತುಕ್ಕು ಉಜ್ಜಿ, ಎಣ್ಣೆ ಸವರಿ
ಅದೇ ತೂತಿಗೆ ಮರಳಿಸಿದ್ದಳು.
ಒಂದು ಹೊಲಿಗೆಯೂ ಮುಂದೆ ಹೋಗಿರಲಿಲ್ಲ.

ಮೇಜಿನ ಮೇಲೆ ಆ ಚರ್ಮದ ನೋಟ್‌ಬುಕ್ಕು ಅಂಗಾತ ತೆರೆದಿತ್ತು,
ರಟ್ಟಿಗೆ ಅಂಟಿನ ಕಲೆ, ಅಂಚಿಗೆ ಚಹಾದ ಉಂಗುರ.
ಸಣ್ಣ ಅಕ್ಷರ, ಎಷ್ಟೋ ಪುಟ.
"ಅವಳು ಎಡಗೈಯವಳು. ಆ ವರ್ಷ ಪೇಟೆಯಲ್ಲಿ ನೀಲಿ ನೂಲು..."
ಅಷ್ಟರಲ್ಲಿ ಅಂಗೈ ಅಡ್ಡವಿಟ್ಟಳು.

"ಈಗಲೇ ನೋಡಬೇಡ" ಎಂದಳು,
"ಇನ್ನೂ ಮೂರೇ ಕಾಲು."