ಮೂತಿಯಿಲ್ಲದ ದೋಣಿ

ನಮ್ಮ ಹರಿಗೋಲಿಗೆ ಹಿಂದು ಮುಂದಿಲ್ಲ.
ಬಿದಿರಿನ ಬುಟ್ಟಿ, ಅಡಿಗೆ ಗೊಬ್ಬರದ ಚೀಲ, ಅದರ ಮೇಲೆ ಡಾಂಬರು;
ಹಿಂದೆ ಎಮ್ಮೆಯ ತೊಗಲಿತ್ತಂತೆ. ಹುಟ್ಟು ತಪ್ಪಿದರೆ
ಕೂತವರಿಗೆ ಊರೇ ತಿರುಗುತ್ತದೆ:
ಕಂಪ್ಲಿ ಕೋಟೆ, ಸೇತುವೆ, ಆಚೆ ದಡದ ಬಾಳೆ, ಮತ್ತೆ ಕೋಟೆ.

ಇದರಲ್ಲಿ ಬೆಳೆದವನು ಅಂಬಿಗರ ಜಡೆಪ್ಪ,
ನನ್ನ ಮುತ್ತಜ್ಜನ ತಂದೆ. ಕಂಪನಿ ಕಾಲ.
ಬಳ್ಳಾರಿಯ ಅರಳೆ ಹೇರಿದ ಬಂಡಿಗಳ ಹಿಂದೆ
ಮದರಾಸಿನ ತನಕ ನಡೆದು, ಕೂಲಿ ಇಸಿದುಕೊಳ್ಳುವುದನ್ನೂ ಮರೆತು
ಕಡಲು ನೋಡುತ್ತ ನಿಂತವನ ತೋಳು ಹಿಚುಕಿ ನೋಡಿ
ತಾಂಡೇಲನೊಬ್ಬ ಹತ್ತಿಸಿಕೊಂಡ.

ಹಡಗಿನ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತಲಿಲ್ಲ.
ಮೂತಿಗೆ ಕೆತ್ತಿದ ಹಕ್ಕಿ ನೋಡಿ ಡೇಗೆ ಅಂದ,
ನಮ್ಮ ಮನೆಯಲ್ಲಿ ಇಂದಿಗೂ ಅದು ಡೇಗೆಯೇ.
ಕಲ್ಕತ್ತೆಯ ತೇಗದ ಮೈ, ಸಣ್ಣ ಒಡಲು,
ಹಿಂದಕ್ಕೆ ಬಾಗಿದ ಕಂಬಗಳು, ನಿಂತಾಗಲೂ
ಓಡುತ್ತಿರುವ ಹಾಗೆ.
ಮೂತಿ? "ಕುಡುಗೋಲ ಬಾಯಿ," ಅನ್ನುತ್ತಿದ್ದನಂತೆ,
"ಕೊಯ್ಸಿಕೊಂಡದ್ದು ನೀರಿಗೇ ಗೊತ್ತಾಗ್ತಿದ್ದಿಲ್ಲ."

ಬೇರೆ ಹಡಗುಗಳು ಚಳಿಗಾಲದ ಎದುರುಗಾಳಿಗೆ ಹೆದರಿ
ಲಂಗರಿಗೆ ಬಿದ್ದು ಆಕಳಿಸುವಾಗ
ಡೇಗೆ ಓರೆಯಾಗಿ ಗಾಳಿಯನ್ನೇ ಹತ್ತಿ
ವರ್ಷಕ್ಕೆ ಮೂರು ಸಲ ಚೀನಾ ಮುಟ್ಟಿ ಬಂತು.
ಇಷ್ಟು ಅವಸರ ಯಾಕೆ?
ಮೊದಲು ಮುಟ್ಟಿಸಿದವನು ಹೇಳಿದ್ದೇ ಬೆಲೆ.

ಮಾವಿನ ಹಲಗೆಯ ಪೆಟ್ಟಿಗೆ, ಪೆಟ್ಟಿಗೆಗೆ ನಲವತ್ತು ಉಂಡೆ,
ಗಸಗಸೆ ಹೂವಿನ ಪಕಳೆ ಅಂಟಿಸಿ ಸುತ್ತಿದ್ದು,
ಮದುವೆ ಮನೆಯಲ್ಲಿ ಲಾಡು ಕಟ್ಟಿದಷ್ಟು ಜೋಪಾನ.
ಔಷಧಿ ಅಂದರು. ಇರಬಹುದು ಅಂದುಕೊಂಡ.
ಬೋಳು ನಡುಗಡ್ಡೆಯ ಮರೆಯಲ್ಲಿ, ದೀಪ ಆರಿಸಿ,
ಔಷಧಿ ಕೊಳ್ಳಲು ಬಂದವು ಐವತ್ತು ಹುಟ್ಟಿನ ದೋಣಿಗಳು.
ಬೆಳ್ಳಿಯನ್ನು ಬಡಿದು, ಕಿವಿಗೊಟ್ಟು, ಎಣಿಸಿದರು.
ಒಂದು ನಾಣ್ಯ ಅವನ ಸೊಂಟದಲ್ಲಿ ಉಳಿಯಿತು.
ಹೇಗೆ ಅಂತ ನಮ್ಮಲ್ಲಿ ಯಾರೂ ಕೇಳಿಲ್ಲ.

ಆಮೇಲೆ ಗಾಳಿ ಬೇಡದ ಹೊಗೆ ಹಡಗು ಬಂತು.
ಡೇಗೆಯ ಫಿರಂಗಿ ಇಳಿಸಿ ಉಪ್ಪು ತುಂಬಿದರು, ಆಮೇಲೆ ಅಕ್ಕಿ,
ಒಂದು ಕಾರ್ತೀಕದ ಬಿರುಗಾಳಿಗೆ ಎಲ್ಲೋ...
ಈ ಕೊನೆ ನಾನು ಸೇರಿಸಿದ್ದು. ಜಡೆಪ್ಪ ಅಷ್ಟರಲ್ಲಿ ಊರಲ್ಲಿದ್ದ,
ಆ ಹಡಗು ಏನಾಯಿತು ಅಂತ ಕೇಳಿದರೆ
ಬಿದಿರು ಸೀಳುತ್ತಲೇ ಇರುತ್ತಿದ್ದನಂತೆ.

ಬಂದ ಮೂರನೇ ವರ್ಷ, ನಾಟಿಯ ದಿನ.
ಕಾಲುವೆ ಬದಿಯ ಜಾಲಿಗೆ ಸೀರೆಯ ಜೋಳಿಗೆ ಕಟ್ಟಿ
ಹೊನ್ನೂರಮ್ಮ ಗದ್ದೆಗಿಳಿದಿದ್ದಳು.
ಕೂಸು ಅಳಲಿಲ್ಲ. ಹೊತ್ತು ನೆತ್ತಿಗೆ ಬಂದರೂ ಅಳಲಿಲ್ಲ.
ಬಗ್ಗಿ ಅದರ ಬಾಯಿ ಮೂಸಿದ.
ಹಡಗಿನ ಹೊಟ್ಟೆ ಮೂಸಿದ ಹಾಗಾಯಿತು.

"ಎಳ್ಳಿನಷ್ಟು, ಮಲಗ್ಲಿ ಅಂತ," ಅಂದಳು ಕೆಸರುಗೈಯಲ್ಲೇ,
"ಎಲ್ಲಾರೂ ಹಚ್ತಾರ. ನೀ ಹೊತ್ತದ್ದೆಷ್ಟು?"

ಎಣಿಸಲು ಕೂತನೇನೋ. ವರ್ಷಕ್ಕೆ ಮೂರು ಸಲ,
ಸಲಕ್ಕೆ ಎಂಟುನೂರು ಪೆಟ್ಟಿಗೆ, ಪೆಟ್ಟಿಗೆಗೆ ನಲವತ್ತು,
ಉಂಡೆಗೆ ಎಷ್ಟು ಎಳ್ಳು, ಎಳ್ಳಿಗೊಂದು ಜೋಳಿಗೆ,
ಕಡಲಾಚೆ ಮರಮರಕ್ಕೂ ತೂಗುವ ಅಳದ ಜೋಳಿಗೆ.
ಸಂಜೆ ಕೂಸು ಕಣ್ಣು ಬಿಟ್ಟು ಚೀರಿದ್ದೇ
ಓಣಿಗೆಲ್ಲ ಬೆಲ್ಲ ಹಂಚಿದ.
ಕಡಲ ನೀರು ತಲೆಗೇರಿದೆ ಅಂದರು ಜನ.

ಮೂತಿಯಿರುವ ದೋಣಿ ಮಾಡಿಕೊಡು, ಬೇಗ ದಾಟೋಣ
ಅಂತ ಸಾಹುಕಾರ ಮುಂಗಡ ತಂದಾಗ
"ನೆಟ್ಟಗೆ ಹೋಗೋದು ನೋಡಿ ಬಂದೀನಿ, ಧಣಿ" ಅಂದವನು
ಸಾಯುವ ತನಕ ದುಂಡಗೇ ಹೆಣೆದ.

ನಾಣ್ಯ ನನ್ನ ಹತ್ತಿರ ಇದೆ.
ಚೀನಾದ ಸರಾಫರು ಒತ್ತಿದ ಮುದ್ರೆಗಳ ಹಚ್ಚೆಯಲ್ಲಿ
ಯಾವ ರಾಜನದೋ ಮುಖ ಅಳಿಸಿ ಹೋಗಿದೆ.
ಮೊನ್ನೆ, ಮಲಗಿದ ಮೊಮ್ಮಗಳ ಕಿವಿಯ ಹತ್ತಿರ
ಒರಳಿಗೆ ಒಮ್ಮೆ ಬಡಿದೆ.
ಎದ್ದು ಚೀರಿದಳು.
ಸೊಸೆ ಇನ್ನೂ ಬೈಯುತ್ತಿದ್ದಾಳೆ.