ಗ್ಯಾಸ್‌ಲೈಟಿನ ಲೆಕ್ಕ

ಮೂರು ರಾತ್ರಿ, ಎರಡು ದೀಪ, ಮ್ಯಾಂಟಲ್ ಬೇರೆ.
ಬಾಬಾಜಾನ್ ಸಾಹೇಬರ ಕೆಂಪು ರಟ್ಟಿನ ಪುಸ್ತಕದಲ್ಲಿ
ಮೂವತ್ತಾರನೇ ಇಸವಿಯ ಪುಟಕ್ಕೆ ಇಷ್ಟು ಬರೆದವನು ನಾನೇ,
ನನಗಾಗ ಹನ್ನೆರಡು.
ಮದುವೆ, ಉರುಸು, ನಾಟಕದ ಕಂಪನಿ ಅಂತ
ಕಾರಣ ಬರೆಯುವ ಕಾಲಮ್ಮಿಗೆ ಬಂದು ನಿಂತೆ.
'ಗೋಡೆ ನೋಡೋದಕ್ಕೆ ಅಂತ ಬರಿ' ಅಂದರು ಸಾಹೇಬರು.

ಶಿವಮೊಗ್ಗೆಯ ಸ್ಟೇಷನ್ನಿನ ಹಿಂದೆ ಉಪ್ಪಿನ ಗೋದಾಮು.
ಕರೆಂಟು ಇನ್ನೂ ಹಳಿ ದಾಟಿರಲಿಲ್ಲ.
ಉಪ್ಪು ಖಾಲಿಯಾಗಿ ವರ್ಷವಾದರೂ
ಗೋಡೆ ಬೆವರುವುದು ಬಿಟ್ಟಿರಲಿಲ್ಲ,
ಮೊಳೆ ಹೊಡೆದರೆ ಬೆಳಗಾಗುವುದರೊಳಗೆ ತುಕ್ಕು.
ಹಾಗಾಗಿ ಜಡೆಯ ಸುಬ್ರಾಯ ಗುಡಿಗಾರ
ಎಲ್ಲಿಂದಲೋ ಕಡ ತಂದ ಹಗ್ಗ
ತೊಲೆಯಿಂದ ತೊಲೆಗೆ ಬಿಗಿದು
ತನ್ನ ನಲವತ್ತೊಂದು ಚಿತ್ರಗಳನ್ನು
ಒಗೆದ ಬಟ್ಟೆಯ ಹಾಗೆ ಹರವಿಬಿಟ್ಟಿದ್ದ.
ಗಾಳಿ ಬಂದರೆ ಎಲ್ಲ ಒಟ್ಟಿಗೆ ತಿರುಗಿ
ಬೆನ್ನು ತೋರಿಸುತ್ತಿದ್ದವು.

ಮೊದಲ ರಾತ್ರಿ ಜನ ಚಾಪೆ ಸುತ್ತಿಕೊಂಡೇ ಬಂದರು.
'ಒಬ್ಬನದೇ ಪ್ರದರ್ಶನ' ಎಂದಿತ್ತಲ್ಲ ಹ್ಯಾಂಡ್‌ಬಿಲ್ಲಿನಲ್ಲಿ,
ಒಬ್ಬನೇ ಎಷ್ಟು ವೇಷ ಕಟ್ಟುತ್ತಾನೋ ನೋಡೋಣವೆಂದು.
ಪರದೆ ಏಳೋದು ಎಷ್ಟು ಹೊತ್ತಿಗೆ?
ಎದ್ದಿದೆ, ಅಂದ ಸುಬ್ರಾಯ.
ಕೂತರು. ಒಂಬತ್ತಾಯಿತು. ಕಡಲೆಕಾಯಿ ಮುಗಿಯಿತು.
ಒಬ್ಬ ಮುದುಕ ಮಾತ್ರ ಎದ್ದು, ಒಂದು ಚಿತ್ರದ ಹಿಂದೆ ಹೋಗಿ
ಅಲ್ಲೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದ.

ಎರಡನೆಯ ರಾತ್ರಿ ಮರದ ಕಂಪನಿಯ ದೊರೆ,
ಹಿಂದೆ ಮಡಿಸಿದ ಕೊಡೆಯೊಂದಿಗೆ ಶಿರಸ್ತೇದಾರರು.
ನಾನು ಪಂಪು ಹೊಡೆದು ಬೆಳಕು ಏರಿಸಿದೆ.
ದೊರೆ ನಡೆದ, ನಿಂತ, ಮೂಗು ತಿಕ್ಕಿದ.
ಇಂಥ ಕಣ್ಣಿಲ್ಲದ ಮುಖ, ಇಂಥ ಹುಚ್ಚು ಹಸಿರು
ಪ್ಯಾರಿಸ್ಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ ಅಂದನಂತೆ.
ನಿಮ್ಮವರು ಗಂಧದ ಪೆಟ್ಟಿಗೆ
ಎಷ್ಟು ಚೆನ್ನಾಗಿ ಕೊರೆಯುತ್ತಾರೆ ಅಂದನಂತೆ.
ಅಂತೆ, ಯಾಕೆಂದರೆ ನಡುವೆ ಶಿರಸ್ತೇದಾರರಿದ್ದರು.
'ಪೆಟ್ಟಿಗೆ ನಮ್ಮಣ್ಣ ಕೊರೀತಾನೆ.
ಒಳಗೆ ಏನಿಡೋದು ಅಂತ ನಾನು ನೋಡ್ತಿದೀನಿ.'
ಇದನ್ನು ಶಿರಸ್ತೇದಾರರು ಇಂಗ್ಲಿಷಿನಲ್ಲಿ
ಬಹಳ ಚಿಕ್ಕದು ಮಾಡಿ ಹೇಳಿದರು.
ದೊರೆ ನಕ್ಕ. ಅಷ್ಟು ಚಿಕ್ಕದರಲ್ಲಿ ಏನು ಉಳಿದಿತ್ತೋ.

ಮೂರನೆಯ ರಾತ್ರಿ ಗುತ್ಯಮ್ಮ ಬಂದಳು,
ಚಿತ್ರಕ್ಕಲ್ಲ, ಡಿಪೋದ ಹಗ್ಗ ವಾಪಸು ಕೇಳಲಿಕ್ಕೆ.
ಬಂದವಳು ಒಂದರ ಮುಂದೆ ಸಿಕ್ಕಿಕೊಂಡಳು:
ಅಡ್ಡೆ ಕಟ್ಟಿ ಸ್ಲೀಪರ್ ಹೊತ್ತ ಹೆಂಗಸರು, ನಾಲ್ಕು ಬೆನ್ನು,
ತಲೆ ಇರಬೇಕಾದಲ್ಲಿ ಬರಿಯ ಮಂಜು.
ತಲೆ ಎಲ್ಲಿ ಎಂದು ಕೇಳುತ್ತಾಳೆಂದು ನಾನು ಕಾದೆ.
'ಈ ಗಂಟು ಯಾರು ಹಾಕಿದ್ದು?' ಅಂದಳು.
'ಹಿಂಗೆ ಕಟ್ಟಿದರೆ ಮತ್ತಿಮರ ಕಾಲಮೇಲೇ ಬೀಳ್ತದೆ.'

ಸುಬ್ರಾಯ ಮಾತಾಡಲಿಲ್ಲ. ತೊಲೆಯ ಹಗ್ಗ ಬಿಚ್ಚಿ
ಅವಳ ಕೈಗಿಟ್ಟ. ಹನ್ನೊಂದು ಚಿತ್ರ ನೆಲ ಸೇರಿದವು.
ಅವಳು ಹೆಬ್ಬೆರಳು ಒಳಗಿಟ್ಟು ಒಂದು ಸುತ್ತು,
ಹಿಂದಕ್ಕೊಂದು, ಹಲ್ಲಲ್ಲಿ ಎಳೆದು ಬಿಗಿದು ತೋರಿಸಿದಳು.
'ದೀಪ ಹತ್ತಿರ ತಾರೋ.'
ಇದ್ದಿಲು ತಗೊಂಡು, ಅಲ್ಲೇ, ಎಲ್ಲರೆದುರು,
ಒಣಗಿದ ಬಣ್ಣದ ಮೇಲೇ ತಿದ್ದಿದ.

ಆಗ ಕಂಡಿತು ನನಗೆ. ಮಧ್ಯಾಹ್ನ ಅದೇ ಚಿತ್ರದಲ್ಲಿ
ನೀಲಿ ಇತ್ತು, ಈಗ ಇದ್ದದ್ದು ಕಪ್ಪು.
ಮೂರು ರಾತ್ರಿ ಊರು ನೋಡಿದ್ದು ಅವನ ಬಣ್ಣವನ್ನಲ್ಲ,
ಬಾಬಾಜಾನ್ ಸಾಹೇಬರ ಸೀಮೆಎಣ್ಣೆಯನ್ನು.
ಹೇಳಲಿಲ್ಲ. ಪಂಪು ಹೊಡೆದೆ.

ಒಂದೂ ಮಾರಾಟವಾಗಲಿಲ್ಲ.
ನಾಲ್ಕು ರೂಪಾಯಿ ಎಂಟಾಣೆ ಬಾಕಿ.
ಚಿತ್ರ ಕೊಡಲು ಬಂದ. ಬೇಡ, ಅಂದರು ಸಾಹೇಬರು,
ಮನೆಯಲ್ಲಿ ಮನುಷ್ಯರ ಚಿತ್ರ ಇಡೋದಿಲ್ಲ ನಾವು,
ಅಂಗಡಿಗೊಂದು ಬೋರ್ಡು ಬರಿ.
ಬರೆದ, ನೆತ್ತಿಯ ಮೇಲೆ ಸೂರ್ಯನಿದ್ದಾಗ, ನಡುಬೀದಿಯಲ್ಲಿ ಕೂತು:
'ಇಲ್ಲಿ ಬೆಳಕು ಬಾಡಿಗೆಗೆ ಸಿಗುತ್ತದೆ.'
ಬಿಳಿಯ ಅಕ್ಷರ. ಹಿಂದೆ ಆ ನೀಲಿ.
ತೂಗುಹಾಕಿದ್ದು ಹೊಸ ಹಗ್ಗ, ಗಂಟು ಅವಳದು.

ಆಮೇಲೆ ಕಂಬ ಬಂತು, ತಂತಿ ಬಂತು.
ಚಿತ್ರಗಳು ಎಲ್ಲಿ ಹೋದವೋ, ಸುಬ್ರಾಯ ಎಲ್ಲಿ ಹೋದನೋ.
ಅಂಗಡಿ ಮುಚ್ಚಿದ ದಿನ ಬೋರ್ಡನ್ನು ಯಾರೋ
ಕೋಳಿಗೂಡಿನ ಬಾಗಿಲಿಗೆಂದು ಇಳಿಸಿಕೊಂಡರು.
ಗಂಟು ಬಿಚ್ಚಲು ಬಾರದೆ ಹಗ್ಗ ಕೊಯ್ದರಂತೆ.
ಹೆಬ್ಬೆರಳು ಒಳಗಿಟ್ಟರೆ ಬರುತ್ತಿತ್ತು.