ಗಾಲಿಗೆ ಅಡ್ಡ

ಖೋರೋಗ್ ದಾಟಿದ ಮೇಲೆ ಹ್ಯಾಂಡ್‌ಬ್ರೇಕ್ ಎಂದರೆ ನಾನೇ:
ಹತ್ತು ವರ್ಷದವನು, ಹಿಂಬಾಗಿಲ ಪಕ್ಕ,
ತೊಡೆಯ ಮೇಲೆ ಹಿಪ್ಪುನೇರಳೆ ಮರದ ತುಂಡು.
ಏರಿನಲ್ಲಿ ಜೀಪು ನಿಂತರೆ ಅಪ್ಪ ಕೂಗಬೇಕಿರಲಿಲ್ಲ,
ಹಾರಿ ಇಳಿದು ಗಾಲಿಗೆ ಕೊಡುತ್ತಿದ್ದೆ.
ಇದ್ದ ಒಂದೇ ಸೀಟ್‌ಬೆಲ್ಟು
ಹಿಟ್ಟಿನ ಮೂಟೆಗೆ. ಚೆಲ್ಲಿದರೆ ನಷ್ಟ, ಎನ್ನುತ್ತಿದ್ದ.

ಆವತ್ತು ಬುಗ್ಗೆಯ ಬಳಿ ನೀರು ಕುಡಿದು
ತುಂಡು ಅಲ್ಲೇ ಮರೆತೆ.
ಮೂರನೇ ತಿರುವು. ಎಂಜಿನ್ ಕೆಮ್ಮಿ ಸುಮ್ಮನಾಯಿತು.
ಜೀಪು ಹಿಂದಕ್ಕೆ, ಮೊದಲು ಮೆಲ್ಲಗೆ.
ಕೆಳಗೆ ಪಂಜ್ ನದಿ, ಆಚೆ ದಡದಲ್ಲಿ
ಅಫ್ಘನ್ ಹುಡುಗನೊಬ್ಬ ಕತ್ತೆ ನಿಲ್ಲಿಸಿ ನೋಡುತ್ತಿದ್ದ.
ನನ್ನ ಕೈ ಖಾಲಿ. ಬಾಯಿ ಬರಲಿಲ್ಲ.

ಗುಲ್‌ಬೇಗಿಂ ಅತ್ತೆ ಯಾವಾಗ ಇಳಿದಳೋ.
ಮಗಳ ಮದುವೆಗೆಂದು ಕೊಂಡ ಹೊಲಿಗೆ ಯಂತ್ರ,
ಕಬ್ಬಿಣದ್ದು, ಕೈಯಲ್ಲಿ ತಿರುಗಿಸುವಂಥದು,
ಎತ್ತಿ ಗಾಲಿಯಡಿ ಇಟ್ಟೇಬಿಟ್ಟಳು,
ಆಗಲೂ ಜೋಕೆಯಿಂದ, ಸೂಜಿಯ ಬದಿ ಹೊರಗೆ.
ಕರ್ರ್ ಎಂದಿತು.
ನಿಂತಿತು.
ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಿತ್ತು.

ಆ ಯಂತ್ರ ಆಮೇಲೂ ಹೊಲಿಯಿತು,
ಹತ್ತಕ್ಕೊಂದು ಹೊಲಿಗೆ ತಪ್ಪಿಸುತ್ತ.
ಚಳಿಗಾಲಕ್ಕೆ ನನಗೂ ಒಂದು ಅಂಗಿ ಬಂತು.
ಜೀಪು ಏರು ಹತ್ತುವಾಗ
ಒಂದು ಕೈಯಲ್ಲಿ ಹೊಸ ತುಂಡು ಬಿಗಿಹಿಡಿದು
ಇನ್ನೊಂದರಲ್ಲಿ ತೋಳಿನುದ್ದಕ್ಕೂ
ತಪ್ಪಿದ ಜಾಗಗಳನ್ನು ಎಣಿಸುತ್ತಿದ್ದೆ.